ಪೋಸ್ಟ್‌ಗ್ರೆಸ್ 14 ತೆಗೆಯುವ ಮೊದಲು ಬ್ಯಾಕಪ್ ಫೈಲಿನ ಸೈಜ್ ನೋಡಿ

ಮುಂಬಯಿಯಲ್ಲಿ, ಮಾಟುಂಗಾ ಕಡೆಯ ಒಂದು ಉಡುಪಿ ಹೋಟೆಲಿನ ಬಿಲ್ಲಿಂಗ್ ಸರ್ವರಿನಲ್ಲಿ ಆದದ್ದಿದು. ಆಪರೇಟಿಂಗ್ ಸಿಸ್ಟಮ್ ಆದ ಉಬುಂಟು 22.04ರಿಂದ 24.04ಕ್ಕೆ ಹೋದರು, ಬಿಲ್ಲುಗಳನ್ನು ಇಡುವ ಡೇಟಾಬೇಸ್ ಪೋಸ್ಟ್‌ಗ್ರೆಸ್ 14 ಇದ್ದಲ್ಲಿ 16 ಬಂತು. ಗಲ್ಲಾದ ಬಿಲ್ಲು, ಪಾರ್ಸೆಲ್ ಕೌಂಟರು, ಎಲ್ಲ ಸರಿಯಾಗಿಯೇ ನಡೆಯಿತು. ಡಿಸ್ಕಿನಲ್ಲಿ ಜಾಗ ಸಾಲದೆಂದು ಸರ್ವಿಸಿನವರು 14ನ್ನು ಪರ್ಜ್ ಮಾಡಿದರು, ಅಂದರೆ ಸೆಟ್ಟಿಂಗ್ ಸಮೇತ ಪೂರ್ತಿ ತೆಗೆದರು. ಕೆಲವು ವಾರ ಕಳೆದು ಎಸ್‌ಎಸ್‌ಡಿ ಕೈಕೊಟ್ಟಿತು. ಹೋಟೆಲಿನ ಶೆಟ್ರು ಹೊರಗಿನ ಡಿಸ್ಕ್ ತಂದು ಕೊಟ್ಟರು. ಅದರಲ್ಲಿ ದಿನಕ್ಕೊಂದರಂತೆ ಬ್ಯಾಕಪ್ ಫೈಲುಗಳು ಇದ್ದವು, ಆದರೆ ಒಂದೊಂದೂ 20 ಬೈಟ್. ಖಾಲಿ ಇನ್‌ಪುಟ್ ಕೊಟ್ಟರೆ, ಫೈಲು ಕುಗ್ಗಿಸುವ ಜಿಜಿಪ್ ಪ್ರೋಗ್ರಾಮ್ ಮಾಡುವ ಫೈಲಿನ ಸೈಜ್ ಅಷ್ಟೇ.

ಬ್ಯಾಕಪ್ ಸ್ಕ್ರಿಪ್ಟಿನಲ್ಲಿ, ಡೇಟಾವನ್ನು ಓದಿ ಹೊರಗೆ ಬರೆದುಕೊಡುವ ಪಿಜಿ_ಡಂಪ್‌ನ ಪೂರ್ತಿ ಪಾತ್ ಬರೆದಿತ್ತು, 14ರ ಬಿನ್ ಫೋಲ್ಡರಿನದು. ಹೊಸ ಪಿಜಿ_ಡಂಪ್ ಹಳೆಯ ಸರ್ವರನ್ನು ಓದುತ್ತದೆ, ಹಳೆಯದು ಹೊಸ ಸರ್ವರನ್ನು ಓದಲು ಒಪ್ಪುವುದಿಲ್ಲ: ವರ್ಷನ್ ಹೊಂದುತ್ತಿಲ್ಲ ಎಂದು ಹೇಳಿ ನಿಲ್ಲುತ್ತದೆ. ಪರ್ಜ್ ಆದ ಮೇಲಂತೂ ಆ ಫೈಲೇ ಇಲ್ಲ. ಆದರೆ ಪೈಪಿನ (ಒಂದು ಪ್ರೋಗ್ರಾಮಿನ ಔಟ್‌ಪುಟ್ ಇನ್ನೊಂದಕ್ಕೆ ಹೋಗುವ ಸಾಲಿನ) ಕೊನೆಯಲ್ಲಿದ್ದ ಜಿಜಿಪ್ ಯಶಸ್ವಿಯಾಗಿ ಮುಗಿದದ್ದರಿಂದ ಸ್ಕ್ರಿಪ್ಟಿನ ಲೆಕ್ಕದಲ್ಲಿ ಕೆಲಸ ಆಯಿತು. ಎರರ್ ಸಂದೇಶವನ್ನು, ಸ್ಕ್ರಿಪ್ಟನ್ನು ದಿನವೂ ಓಡಿಸುವ ಕ್ರಾನ್ ಮೇಲ್ ಮಾಡಬೇಕಿತ್ತು. ಮೇಲ್ ಸರ್ವರ್ ಇಲ್ಲದ ಯಂತ್ರದಲ್ಲಿ ಅದನ್ನು ಎಸೆದುಬಿಡುತ್ತದೆ. ಇನ್ನು ಏಳು ದಿನ ದಾಟಿದ ಫೈಲುಗಳನ್ನು ಅಳಿಸುವ ಸಾಲು ಮಾತ್ರ ತಪ್ಪದೆ ಓಡಿ, ಒಳ್ಳೆಯ ಬ್ಯಾಕಪ್ಪುಗಳನ್ನೆಲ್ಲ ಗುಡಿಸಿ ಹಾಕಿತ್ತು.

ಸ್ಕ್ರಿಪ್ಟಿನಲ್ಲಿ ಪೂರ್ತಿ ಪಾತ್ ಬೇಡ. ಯುಎಸ್‌ಆರ್-ಬಿನ್‌ನಲ್ಲಿರುವ ಪಿಜಿ_ಡಂಪ್, ಅಸಲಿ ಪ್ರೋಗ್ರಾಮನ್ನು ಕರೆಯುವ ಒಂದು ರ‍್ಯಾಪರ್. --ಕ್ಲಸ್ಟರ್ 16/ಮೇನ್ ಎಂದು ಕೊಟ್ಟರೆ (ಕ್ಲಸ್ಟರ್ ಅಂದರೆ ಒಂದು ಪೋಸ್ಟ್‌ಗ್ರೆಸ್ ಸರ್ವರ್ ನಡೆಸುವ ಡೇಟಾಬೇಸುಗಳ ಗುಂಪು) ಸರಿಯಾದ ವರ್ಷನ್ನನ್ನು ತಾನೇ ಆರಿಸುತ್ತದೆ. ಬ್ಯಾಷ್‌ನಲ್ಲಿ ಪೈಪ್‌ಫೇಲ್ ಹಾಕಿ, ಆಗ ಪೈಪಿನ ಯಾವ ಭಾಗ ಸೋತರೂ ಇಡೀ ಸಾಲು ಸೋತ ಲೆಕ್ಕ. ಡಂಪನ್ನು ತಾತ್ಕಾಲಿಕ ಹೆಸರಿಗೆ ಬರೆದು, ಗೆದ್ದರೆ ಮಾತ್ರ ಹೆಸರು ಬದಲಿಸಿ, ಆಮೇಲೆ ಹಳೆಯದನ್ನು ಅಳಿಸಿ. ಸೈಜ್ ಸರಿಯಿದ್ದರೂ ಸಾಲದು: ಬೇರೊಂದು ಖಾಲಿ ಡೇಟಾಬೇಸಿಗೆ ರೀಸ್ಟೋರ್ ಮಾಡಿ ಕೊನೆಯ ಬಿಲ್ ನಂಬರ್ ಬಂದಿದೆಯೇ ನೋಡಿ. ಅಷ್ಟಾಗುವವರೆಗೆ 14ನ್ನು ಮುಟ್ಟಬೇಡಿ.

ಇನ್ನೊಂದು ಗುಂಡಿ ಅಪ್‌ಗ್ರೇಡಿನ ಹೊತ್ತಿಗೇ ಇರುತ್ತದೆ. ಉಬುಂಟು ಬದಲಾದಾಗ 16ರ ಖಾಲಿ ಕ್ಲಸ್ಟರ್ ಸಾಮಾನ್ಯವಾಗಿ 5433 ಪೋರ್ಟಿನಲ್ಲಿ ಹುಟ್ಟಿಕೊಳ್ಳುತ್ತದೆ, ಡೇಟಾ ಇರುವ 14 ಹಾಗೇ 5432ರಲ್ಲಿರುತ್ತದೆ. ಆ ಖಾಲಿಯದನ್ನು ತೆಗೆಯದೆ, ಡೇಟಾವನ್ನು 14ರಿಂದ 16ಕ್ಕೆ ಸಾಗಿಸುವ ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್ ಮುಂದೆ ಹೋಗುವುದಿಲ್ಲ. ತೆಗೆಯುವ ಕಮಾಂಡು ಪಿಜಿ_ಡ್ರಾಪ್‌ಕ್ಲಸ್ಟರ್ --ಸ್ಟಾಪ್ 16 ಮೇನ್. ಅವಸರದಲ್ಲಿ 16ರ ಬದಲು 14 ಎಂದು ಹೊಡೆದರೆ ‘ಖಂಡಿತವೇ?’ ಎಂದು ಯಾರೂ ಕೇಳುವುದಿಲ್ಲ. ಮೊದಲು ಕ್ಲಸ್ಟರುಗಳ ಪಟ್ಟಿ ಕೊಡುವ ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್ ಓಡಿಸಿ ವರ್ಷನ್, ಪೋರ್ಟ್ ಎರಡನ್ನೂ ಓದಿಕೊಳ್ಳಿ. ಅಪ್‌ಗ್ರೇಡ್ ಮುಗಿದ ಮೇಲೆ ಪೋರ್ಟುಗಳು ಅದಲುಬದಲಾಗುತ್ತವೆ: 16ಕ್ಕೆ 5432, ನಿಂತುಹೋದ 14ಕ್ಕೆ 5433. ಹಾಗಾಗಿ ಪೋರ್ಟ್ ನಂಬರ್ ನೆನಪಿಟ್ಟುಕೊಂಡು ಕೆಲಸ ಮಾಡುವವರು ಇಲ್ಲಿ ಎಡವುತ್ತಾರೆ.

ಬೇಗ ಮುಗಿಯಲೆಂದು ಲಿಂಕ್ ವಿಧಾನದಲ್ಲಿ ಅಪ್‌ಗ್ರೇಡ್ ಮಾಡಿದ್ದರೆ 14ಕ್ಕೆ ವಾಪಸ್ ಹೋಗುವ ಆಸೆ ಬಿಡಿ. ಎರಡೂ ಒಂದೇ ಫೈಲುಗಳನ್ನು ಹಂಚಿಕೊಂಡಿರುತ್ತವೆ, 16 ಒಮ್ಮೆ ಶುರುವಾದ ಮೇಲೆ ಹಳೆಯದನ್ನು ಎಬ್ಬಿಸುವಂತಿಲ್ಲ. ಡೀಫಾಲ್ಟ್ ಆದ ಡಂಪ್ ವಿಧಾನಕ್ಕೆ ಎರಡು ಪಟ್ಟು ಜಾಗ ಬೇಕಾದೀತು, ಹೊತ್ತೂ ಹಿಡಿಯುತ್ತದೆ, ಆದರೆ ಹಳೆಯ ಡೇಟಾ ಹಾಗೇ ಉಳಿಯುತ್ತದೆ. ಹೋಟೆಲಿನ ಬಿಲ್ಲಿನಷ್ಟು ಡೇಟಾಕ್ಕೆ ಇದೇ ಸರಿ.

ಪರ್ಜ್ ಮಾಡುವಾಗ ಡೇಟಾ ಫೋಲ್ಡರನ್ನೂ ತೆಗೆಯಬೇಕೇ ಎಂದು ಕೇಳಿದರೆ ಸುಮ್ಮನೆ ಎಂಟರ್ ಒತ್ತಬೇಡಿ, ಡೀಫಾಲ್ಟ್ ಉತ್ತರ ‘ಹೌದು’. ಜಾಗವೇ ಇಲ್ಲವೆಂದಾದರೆ, ನಿಂತಿರುವ 14ರ ಡೇಟಾ ಫೋಲ್ಡರನ್ನು ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ಹೊರಗಿನ ಡಿಸ್ಕಿಗೆ ಹಾಕಿ. ಅದನ್ನು 16 ಓದುವುದಿಲ್ಲ, 14ರ ಬೈನರಿಯೇ ಬೇಕು. ಉಬುಂಟು 24.04ರ ಸ್ವಂತ ರೆಪೊದಲ್ಲಿ (ಪ್ಯಾಕೇಜುಗಳ ಭಂಡಾರದಲ್ಲಿ) 14 ಇಲ್ಲ, ಪೋಸ್ಟ್‌ಗ್ರೆಸ್‌ನವರದೇ ಆಪ್ಟ್ ರೆಪೊ ಸೇರಿಸಿಕೊಳ್ಳಬೇಕು.