‘ಸಾವಿರ ವರ್ಷದ ಮದುವೆ’ ಪ್ಯಾಕೇಜ್: ಸಾಮಾನು ಚಲೋ, ಸುರಗಿಗೆ ಹೊತ್ತು ಸಾಲದು

ಹುಬ್ಬಳ್ಳಿಯ ಕಲ್ಯಾಣ ಮಂಟಪವೊಂದು ‘ಸಾವಿರ ವರ್ಷದ ಮದುವೆ’ ಅಂತ ಪ್ಯಾಕೇಜ್ ಕೊಡುತ್ತಿದೆ. ಹಂದರ, ಐರಾಣಿ ಗಡಿಗೆ (ಮದುವೆಗೆ ಪೂಜಿಸುವ ಮಣ್ಣಿನ ಗಡಿಗೆ), ಸುರಗಿ (ಮದುಮಕ್ಕಳ ಅರಿಷಿಣ ಸ್ನಾನದ ಶಾಸ್ತ್ರ), ಅಕ್ಕಿಕಾಳು (ಅಕ್ಷತೆ), ಊಟ, ಕಡೆಗೆ ನೋಂದಣಿ ಕಾಗದವೂ ಅವರದೇ. ಒಂದೂವರೆ ದಿನದಲ್ಲಿ ಎಲ್ಲ ಮುಗಿಯಬೇಕು. ತೊಡಕು ಇರುವುದು ಅಲ್ಲೇ.

ಸುರಗಿ ನೋಡಿ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಅವುಗಳ ಕೊರಳಿಗೆ ಬಿಳಿ ನೂಲು ಐದು ಸುತ್ತು, ನಡುವೆ ಮಣೆ ಮೇಲೆ ಮದುಮಕ್ಕಳು, ಮೇಲಿಂದ ಅರಿಷಿಣ ನೀರು. ಇವರ ತಂಬಿಗೆ ಹಿತ್ತಾಳೆಯವು, ಇದನ್ನು ಮೆಚ್ಚಲೇಬೇಕು. ಆದರೆ ಖಾಲಿ ಇಡುತ್ತಾರೆ. ಮುಕ್ಕಾಲು ನೀರು ತುಂಬದಿದ್ದರೆ ನೂಲು ಜಗ್ಗಿದಾಗ ತಂಬಿಗೆ ವಾಲುತ್ತದೆ, ಉರುಳಿದರೆ ಹಿರಿಯರ ಮುಖ ಬಾಡುತ್ತದೆ. ನೂಲೂ ಪಾಲಿಯೆಸ್ಟರ್. ಅದು ಅರಿಷಿಣ ಹಿಡಿಯುವುದಿಲ್ಲ. ಅದರಲ್ಲೇ ಅರಿಷಿಣ ಬೇರು ಕಟ್ಟಿ ಕಂಕಣ ಮಾಡಿದರೆ ಗಂಟು ಜಾರುತ್ತದೆ. ಹತ್ತಿ ನೂಲಿನ ಉಂಡಿ ಮನೆಯಿಂದಲೇ ಒಯ್ಯಿರಿ. ನೆಲ ನುಣುಪು ಟೈಲ್ಸ್, ನೀರು ಹರಿಯಲು ದಾರಿ ಇಲ್ಲ. ನಾಲ್ಕು ಗೋಣಿಚೀಲ ಹಾಸಿಸಿ. ತೊಯ್ದ ಬಿಳಿ ಬಟ್ಟೆಗೆ ಸಾಬೂನು ಹಚ್ಚಿದರೆ ಅರಿಷಿಣದ ಕಲೆ ಕೆಂಪಗಾಗುತ್ತದೆ. ಬರೀ ನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದರೆ ತಾನೇ ಮಾಸುತ್ತದೆ. ಇಷ್ಟಕ್ಕೆಲ್ಲ ಇಟ್ಟಿರುವುದು 15 ನಿಮಿಷ! ಆರತಿ, ಸೋಬಾನೆ ಪದ ಸೇರಿದರೆ 45 ನಿಮಿಷ ಬೇಕೇ ಬೇಕು.

ಅಕ್ಕಿಕಾಳು ಅಚ್ಚುಕಟ್ಟು. 500 ಮಂದಿಗೆ 5 ಕಿಲೋ ಅಕ್ಕಿ, ತಲೆಗೆ 10 ಗ್ರಾಮ್ ಲೆಕ್ಕ. ಅರಿಷಿಣಕ್ಕೆ ನೀರು ಹಾಕದೆ ತುಪ್ಪ ಸವರುವುದರಿಂದ ಕಾಳು ಉಂಡಿಗಟ್ಟುವುದಿಲ್ಲ. ಗೋದಿ ಹುಗ್ಗಿ, ಎಣ್ಣೆಗಾಯಿ ಬಗ್ಗೆ ತಕರಾರಿಲ್ಲ.

ವೇದಿಕೆ ಹಿಂದೆ ಲಕ್ಕುಂಡಿ ಬ್ರಹ್ಮ ಜಿನಾಲಯದ ಕಂಬಗಳ ಮಾದರಿ ಬಲು ಚಂದ. ಅದರ ಮುಂದೆ ನಿಂತು ನಿರೂಪಕರು ‘ಸಾವಿರ ವರ್ಷದಿಂದ ಮದುವೆ ಹೀಗೇ’ ಅನ್ನುವುದನ್ನು ಮಾತ್ರ ಬಿಡಬೇಕು. 1007ರಲ್ಲಿ ಆ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಮತ್ತು ಆಕೆಯ ತಂಗಿ ಗುಂಡಮಬ್ಬೆ ಇಬ್ಬರೂ ಚಾಲುಕ್ಯರ ದಂಡನಾಯಕ ನಾಗದೇವನ ಹೆಂಡಂದಿರು. ಅವನು ಯುದ್ಧದಲ್ಲಿ ಮಡಿದಾಗ ತಂಗಿ ಸಹಗಮನ ಮಾಡಿದಳು, ಅಕ್ಕ ಮಗನಿಗಾಗಿ ಉಳಿದಳು. ಅಂಥ ಕಂಬದ ಎದುರು ತಾಳಿ ಕಟ್ಟಿಸುವಾಗ ಈ ಕಥೆ ಮುಚ್ಚಿಡುವುದು ಆ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ. ವರದಕ್ಷಿಣೆಯೂ ಅನಾದಿಯಲ್ಲ. ಎಷ್ಟೋ ಸಮುದಾಯಗಳಲ್ಲಿ ಗಂಡಿನವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ವಿಜಯನಗರದ ಅರಸ ಎರಡನೇ ದೇವರಾಯನ ಕಾಲದಲ್ಲಿ, 1425ರ ಸುಮಾರಿಗೆ, ತಮಿಳು ನಾಡಿನ ಪಡೈವೀಡು ಸೀಮೆಯ ಬ್ರಾಹ್ಮಣರು (ಅವರಲ್ಲಿ ಕನ್ನಡಿಗರೂ ಇದ್ದರು) ಮಗಳಿಗೆ ಪ್ರತಿಯಾಗಿ ಬಂಗಾರ ಪಡೆಯಬಾರದು, ಕನ್ಯಾದಾನವನ್ನೇ ಮಾಡಬೇಕು ಎಂದು ಶಾಸನ ಹಾಕಿಸಿಕೊಂಡರು. ಪಡೆಯುವ ರೂಢಿ ಇಲ್ಲದಿದ್ದರೆ ಆ ಕಟ್ಟಳೆ ಯಾಕೆ ಬೇಕಿತ್ತು?

ನೋಂದಣಿ ಸೇವೆ ಎಲ್ಲಕ್ಕಿಂತ ಚಲೋ. ಹುಡುಗಿಗೆ 18, ಹುಡುಗನಿಗೆ 21 ತುಂಬಿದ ದಾಖಲೆ ಕಣ್ಣಾರೆ ನೋಡದೆ ಮುಂಗಡವನ್ನೇ ಮುಟ್ಟುವುದಿಲ್ಲ. ಆಧಾರ್, ಲಗ್ನಪತ್ರಿಕೆಗಳಲ್ಲಿ ಹೆಸರಿನ ಅಕ್ಷರ ತಾಳೆ ಇದೆಯೇ ಎಂದು ನೋಡಿ ಮೊದಲೇ ತಿದ್ದಿಸುತ್ತಾರೆ. ಅರ್ಜಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಅಲ್ಲೇ.

ಬುಕ್ ಮಾಡುವವರು ಸುರಗಿಯನ್ನು ಮುಹೂರ್ತದ ಹಿಂದಿನ ಸಂಜೆಗೆ, ಹಿಂಬದಿಯ ಅಂಗಳದಲ್ಲಿ ಇಡಲು ಬರೆಸಿಕೊಳ್ಳಿ. ಅಲ್ಲಿ ಮಣ್ಣಿನ ನೆಲವಿದೆ, ನೀರು ಇಂಗುತ್ತದೆ.