ಒಂದು ಚಿಪ್, ಐದು ಕೆಲಸ: ಡ್ರೈವರ್ ಒಂದೇ ಇರಲೋ, ಒಡೆಯಲೋ?

ಸೋಮವಾರಪೇಟೆ ಹತ್ತಿರ ಚಿಕ್ಕಪ್ಪನ ಕಾಫಿ ತೋಟದಲ್ಲಿ ನಾನು ಮಾಡಿದ ಮಳೆ ಅಳೆಯುವ ಪೆಟ್ಟಿಗೆ ಇದೆ. ಸಣ್ಣ ಲಿನಕ್ಸ್ ಬೋರ್ಡು, ಸೋಲಾರ್ ಪ್ಯಾನೆಲ್, ಜೊತೆಗೆ ಪವರ್ ನೋಡಿಕೊಳ್ಳುವ ಒಂದು ಚಿಪ್. ಆ ಚಿಪ್ಪಿನೊಳಗೇ ಗಡಿಯಾರ, ಬ್ಯಾಟರಿ ಚಾರ್ಜರ್, ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಓದುವ ಭಾಗ), ಪವರ್ ಬಟನ್, ಜಿಪಿಐಒ (ಬೇಕಾದ ಕೆಲಸಕ್ಕೆ ಬಳಸುವ ಪಿನ್ನುಗಳು) ಎಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಈ ಚಿಪ್ಪಿನ ಜೊತೆ ಮಾತಾಡಲು ಡ್ರೈವರ್ ಅನ್ನುವ ಕೋಡ್ ಬೇಕು. ಅದನ್ನು ಮೂರು ರೀತಿ ಬರೆದು ನೋಡಿದೆ. ಈಗ ಯಾರು ಕೇಳಿದರೂ ಎಂಎಫ್‌ಡಿ (ಮಲ್ಟಿ ಫಂಕ್ಷನ್ ಡಿವೈಸ್, ಒಂದು ಚಿಪ್ಪಿನ ಹಲವು ಕೆಲಸಗಳನ್ನು ಬೇರೆ ಬೇರೆ ಡ್ರೈವರ್‌ಗಳಿಗೆ ಹಂಚುವ ಕರ್ನಲ್ ವ್ಯವಸ್ಥೆ) ಅಂತಲೇ ಹೇಳುತ್ತೇನೆ.

ಮೊದಲು ಎಲ್ಲವನ್ನೂ ಒಂದೇ ಫೈಲಿಗೆ ತುಂಬಿದೆ. ಎರಡು ವಾರಾಂತ್ಯದಲ್ಲಿ ಮುಗಿಯಿತು. ಬೇಸಿಗೆಯೆಲ್ಲ ಚೆನ್ನಾಗಿ ಓಡಿತು. ಮಳೆ ಹಿಡಿದ ಮೇಲೆ ಚಿಕ್ಕಪ್ಪನ ಫೋನ್ ಬಂತು: "ಅಲ್ಲ ಮಗ, ನನ್ನ ಡೈರಿಯಲ್ಲಿ 3 ಇಂಚು 20 ಸೆಂಟ್ ಇದೆ. ನಿನ್ನ ಪೆಟ್ಟಿಗೆಯಲ್ಲಿ ಮೊನ್ನೆಯಿಂದ ಏನೂ ಇಲ್ಲವಲ್ಲ?" (ತೋಟದವರ ಮಳೆ ಲೆಕ್ಕದಲ್ಲಿ ನೂರು ಸೆಂಟ್ ಅಂದರೆ ಒಂದು ಇಂಚು.)

ತೋಟಕ್ಕೆ ಹೋಗಿ, ಕಾಲಿನ ಜಿಗಣೆ ಕೀಳುತ್ತಾ ಲಾಗ್ ನೋಡಿದೆ. ಪೆಟ್ಟಿಗೆ 15 ನಿಮಿಷಕ್ಕೊಮ್ಮೆ ಗಡಿಯಾರದ ಅಲಾರ್ಮ್‌ಗೆ ಎದ್ದು, ಮಳೆ ಎಣಿಕೆ ಬರೆದುಕೊಂಡು, ಮುಂದಿನ ಅಲಾರ್ಮ್ ಇಟ್ಟು ಮಲಗಬೇಕು. ಆದರೆ ಐದೂ ಕೆಲಸಕ್ಕೆ ಚಿಪ್ಪಿನಿಂದ ಬರುವ ಇಂಟರಪ್ಟ್ ತಂತಿ, ಅಂದರೆ "ನನ್ನನ್ನು ನೋಡು" ಅಂತ ಪ್ರೊಸೆಸರನ್ನು ಕರೆಯುವ ತಂತಿ, ಒಂದೇ. ಯಾರು ಕರೆದರು ಅಂತ ಚಿಪ್ಪಿನೊಳಗಿನ ಸ್ಟೇಟಸ್ ರಿಜಿಸ್ಟರ್ ಓದಿಯೇ ತಿಳಿಯಬೇಕು; ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಿಟ್. ನಾನು ಬರೆದಿದ್ದು ಹೀಗೆ: ಚಾರ್ಜರ್ ಬಿಟ್ ಇದ್ದರೆ ಅದನ್ನು ನೋಡು, ಇಲ್ಲದಿದ್ದರೆ ಗಡಿಯಾರದ್ದು ನೋಡು, ಕೊನೆಗೆ ಎಲ್ಲ ಬಿಟ್ ಅಳಿಸು.

ಬೇಸಿಗೆಯಲ್ಲಿ ಚಾರ್ಜರ್ ಬೆಳಗ್ಗೆ ಶುರುವಾಗಿ ಸಂಜೆ ನಿಲ್ಲುತ್ತದೆ, ಅಷ್ಟೇ. ಮಳೆಗಾಲದಲ್ಲಿ ಮೋಡ ಸರಿದಾಗೆಲ್ಲ ಶುರು, ಮುಚ್ಚಿದಾಗೆಲ್ಲ ಬಂದ್. ಒಂದು ಸಲ ಎರಡೂ ಬಿಟ್ ಒಟ್ಟಿಗೆ ಎದ್ದವು. ಚಾರ್ಜರ್ ಕೆಲಸ ಆಯಿತು, ಅಲಾರ್ಮ್ ಸುಮ್ನೆ ಅಳಿಸಿಹೋಯಿತು. ಮುಂದಿನ ಅಲಾರ್ಮ್ ಇಡುವವರೇ ಇಲ್ಲ.

ಅದನ್ನು ತಿದ್ದಿದೆ. ಆದರೂ ಎಡಿಸಿಗೆ ಕೈ ಹಾಕಿದರೆ ಗಡಿಯಾರದ ಲಾಕ್ (ಇಬ್ಬರು ಒಟ್ಟಿಗೆ ಒಂದೇ ರಿಜಿಸ್ಟರ್ ಮುಟ್ಟದಂತೆ ಕಾಯುವ ಕೋಡ್) ಕೆಡುತ್ತಿತ್ತು. ಒಂದು ಭಾಗ ಶುರುವಾಗದಿದ್ದರೆ ಐದೂ ಬಿದ್ದುಹೋಗುತ್ತಿದ್ದವು.

ಎರಡನೆಯದು, ಒಂದೊಂದಕ್ಕೂ ಬೇರೆ ಐ2ಸಿ ಡ್ರೈವರ್. ಐ2ಸಿ ಅಂದರೆ ಬೋರ್ಡು ಮತ್ತು ಚಿಪ್ ಮಾತಾಡುವ ಎರಡು ತಂತಿಯ ದಾರಿ; ಅದರಲ್ಲಿ ಚಿಪ್ಪಿಗೊಂದು ವಿಳಾಸ. ಒಂದು ವಿಳಾಸದಲ್ಲಿ ಕರ್ನಲ್ ಒಂದೇ ಡಿವೈಸ್ ಕೂರಿಸುತ್ತದೆ, ಎರಡನೆಯದಕ್ಕೆ ಜಾಗ ಇಲ್ಲ ಅನ್ನುತ್ತದೆ. ಅಲ್ಲಿಗೇ ಬಿಟ್ಟೆ.

ಎಂಎಫ್‌ಡಿಯಲ್ಲಿ ಒಂದು ಸಣ್ಣ ತಾಯಿ ಡ್ರೈವರ್. ಐ2ಸಿ, ರೆಗ್‌ಮ್ಯಾಪ್ (ರಿಜಿಸ್ಟರ್ ಓದಿ ಬರೆಯಲು ಕರ್ನಲ್‌ನಲ್ಲೇ ಇರುವ ಸಿದ್ಧ ಕೋಡ್), ಇಂಟರಪ್ಟ್ ತಂತಿ ಮೂರೂ ಅದರ ಕೈಯಲ್ಲಿ. ಅದು ಕೆಲಸಕ್ಕೊಂದರಂತೆ ಮಕ್ಕಳ ಪಟ್ಟಿ ಕೊಡುತ್ತದೆ, ಮಕ್ಕಳು ಪ್ಲಾಟ್‌ಫಾರ್ಮ್ ಡಿವೈಸ್ ಆಗಿ, ಅಂದರೆ ಕರ್ನಲ್ ಕಣ್ಣಿಗೆ ಬೇರೆ ಬೇರೆ ಸಾಧನಗಳಾಗಿ, ಹುಟ್ಟುತ್ತವೆ. ಗಡಿಯಾರದ ಕೋಡ್ ಆರ್‌ಟಿಸಿ (ರಿಯಲ್ ಟೈಮ್ ಕ್ಲಾಕ್) ಫೋಲ್ಡರಿನಲ್ಲಿ, ಚಾರ್ಜರ್‌ದು ಪವರ್ ಸಪ್ಲೈ ಫೋಲ್ಡರಿನಲ್ಲಿ. ನನ್ನನ್ನು ಗೆದ್ದದ್ದು ರೆಗ್‌ಮ್ಯಾಪ್‌ನ ಇಂಟರಪ್ಟ್ ಭಾಗ. ಒಂದೊಂದು ಬಿಟ್‌ಗೂ ಅದು ಬೇರೆ ಇಂಟರಪ್ಟ್ ನಂಬರ್ ಕೊಡುತ್ತದೆ. ಎರಡು ಬಿಟ್ ಎದ್ದರೆ ಎರಡು ಮಕ್ಕಳನ್ನೂ ಕರೆಯುತ್ತದೆ. ರಿಜಿಸ್ಟರ್ ಲಾಕ್ ಕೂಡ ಅದೇ ನೋಡಿಕೊಳ್ಳುತ್ತದೆ. ನಾನು ಕೈಯಾರೆ ಬರೆದು ಕೆಡಿಸಿದ ಜಾಗ ಪೂರ್ತಿ ಹೋಯಿತು.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಫೈಲ್ ಜಾಸ್ತಿ. ಕರ್ನಲ್‌ಗೆ ಕಳಿಸುವುದಾದರೆ ಆಯಾ ಭಾಗದ ಹೊಣೆ ಹೊತ್ತ ಬೇರೆ ಬೇರೆ ಮೇಂಟೇನರ್‌ಗಳು ನೋಡಬೇಕು.

ಹಲವು ಕೆಲಸ ಮಾಡುವುದು ಇಂಥ ಚಿಪ್ ಅಲ್ಲ, ಕಂಪ್ಯೂಟರಿಗೆ ಸಿಕ್ಕಿಸುವ ಪಿಸಿಐ ಕಾರ್ಡಾದರೆ ಮಾತು ಬೇರೆ. ಅದಕ್ಕೆ 2021ರಲ್ಲಿ 5.11 ಕರ್ನಲ್ ಜೊತೆ ಬಂದ ಆಕ್ಸಿಲಿಯರಿ ಬಸ್ ಹಿಡಿಯಿರಿ; ಅದೂ ಒಂದು ಸಾಧನದ ಕೆಲಸವನ್ನು ಹಲವು ಡ್ರೈವರ್‌ಗಳಿಗೆ ಹಂಚುವ ವ್ಯವಸ್ಥೆಯೇ. ಚಿಪ್ಪಿನಲ್ಲಿ ಗಡಿಯಾರ ಒಂದನ್ನೇ ಬಳಸುವವರಿಗೆ ಒಂದೇ ಫೈಲ್ ಸಾಕು.

ನಾನು ಒಬ್ಬನೇ, ಭಾನುವಾರ ಮಾತ್ರ ಕೂರುವವನು. ಮಳೆಯಲ್ಲಿ ಆ ತೋಟ ಹತ್ತುವುದು ನನಗೆ ಕೋಡ್ ಬರೆಯುವುದಕ್ಕಿಂತ ದುಬಾರಿ. ಎಂಎಫ್‌ಡಿಗೆ ಬದಲಾಯಿಸಿದ ಮೇಲೆ ಒಂದು ಮಳೆಗಾಲ ಪೂರ್ತಿ ಕಳೆಯಿತು. ಚಿಕ್ಕಪ್ಪನ ಡೈರಿಗೂ ಪೆಟ್ಟಿಗೆಗೂ ದಿನಕ್ಕೆ ಮೂರ್ನಾಲ್ಕು ಸೆಂಟ್ ವ್ಯತ್ಯಾಸ ಬಂದಿರಬಹುದು, ಒಂದು ದಿನವೂ ಖಾಲಿ ಬಿದ್ದಿಲ್ಲ.