ಸೋಲಾರ್ ಪಂಪಿನ ಕಂಟ್ರೋಲರ್ ರಿಪೇರಿಗೆ ಕೊಡುವ ಮುನ್ನ ಯಾವ ಸೋಲ್ಡರ್ ಹಾಕುತ್ತಾರೆಂದು ಕೇಳಿ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು ಅನೇಕರು ಬೋರ್‌ವೆಲ್ಲಿಗೆ ಸೋಲಾರ್ ಪಂಪ್ ಕೂಡಿಸಿಕೊಂಡಿದ್ದಾರೆ. ವಾರಂಟಿ ಮುಗಿದ ಮೇಲೆ ಪಂಪನ್ನು ನಡೆಸುವ ಕಂಟ್ರೋಲರ್ ಪೆಟ್ಟಿಗೆ ಕೆಟ್ಟರೆ ಅದರ ಎಲೆಕ್ಟ್ರಾನಿಕ್ ಬೋರ್ಡನ್ನು ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಒಯ್ಯುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನಮ್ಮ ತೋಟದಲ್ಲಿ ಮೊದಲ ದೋಷ ಚಿಕ್ಕದಿತ್ತು. ಅದನ್ನು ದೊಡ್ಡದು ಮಾಡಿದ್ದು ರಿಪೇರಿ.

ಏಪ್ರಿಲ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಹೊಸ ಚಿಗುರಿಗೆ ನೀರು ತಪ್ಪಬಾರದ ಹೊತ್ತಿನಲ್ಲಿ, ಬೆಳಿಗ್ಗೆ ಸರಿಯಾಗಿ ನಡೆಯುತ್ತಿದ್ದ ಪಂಪ್ ಬಿಸಿಲೇರಿದ ಮೇಲೆ ತಾನಾಗಿಯೇ ನಿಂತು, ಪೆಟ್ಟಿಗೆ ತಣ್ಣಗಾದ ನಂತರ ಮತ್ತೆ ಚಾಲೂ ಆಗತೊಡಗಿತು. ವಿಜಯಪುರದ ಅಂಗಡಿಯವರು ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ, ಎಂದು ಹೇಳಿ, ಕೆಲವು ಕಡೆ ಸೋಲ್ಡರ್ (ಬೆಸುಗೆ ಲೋಹ) ಹಾಕಿ ಕೊಟ್ಟರು. ಪಂಪ್ ನಡೆಯಿತು. ಆದರೆ ಮೇ ತಿಂಗಳ ಒಂದು ಮಧ್ಯಾಹ್ನ ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂದು ಎಲ್ಲವೂ ನಿಂತುಹೋಯಿತು.

ಬೆಳಗಾವಿಯ ಉದ್ಯಮಬಾಗದಲ್ಲಿ ಕಾರ್ಖಾನೆಗಳ ಮೋಟಾರ್ ಡ್ರೈವ್‌ಗಳನ್ನು ದುರಸ್ತಿ ಮಾಡುವ ಒಬ್ಬ ತಂತ್ರಜ್ಞರು ಆ ಬೋರ್ಡನ್ನು ಭೂತಗನ್ನಡಿಯ ಕೆಳಗಿಟ್ಟು ತೋರಿಸಿದರು. ಅಂಗಡಿಯವರು ಮುಟ್ಟದೆ ಬಿಟ್ಟಿದ್ದ ಭಾರವಾದ ಚೋಕಿನ (ತಂತಿ ಸುರುಳಿಯ ಬಿಡಿಭಾಗ) ಕಾಲಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಬಿರುಕು ಉಂಗುರದಂತೆ ಕಾಣುತ್ತಿತ್ತು. ಮೂಲ ರೋಗ ಅದೇ. ಬೋರ್ಡು ಮತ್ತು ಲೋಹದ ಕಾಲು ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ, ದಿನವೂ ಕಾದು ತಣಿಯುವ ಪೆಟ್ಟಿಗೆಯಲ್ಲಿ ಆ ಎಳೆತವನ್ನೆಲ್ಲ ಬೆಸುಗೆಯೇ ತಾಳಿಕೊಳ್ಳಬೇಕಾಗುತ್ತದೆ. ಈ ಬೋರ್ಡಿನ ಮೂಲ ಬೆಸುಗೆಯಂಥ ಸೀಸರಹಿತ ಸೋಲ್ಡರ್ ಹಳೆಯ ಸೀಸದ ಸೋಲ್ಡರಿಗಿಂತ ಗಡಸು. ಎಳೆತ ಕಡಿಮೆ ಇರುವ ಕಡೆ ಅದು ಸೀಸದ್ದಕ್ಕಿಂತ ಹೆಚ್ಚು ಬಾಳುವುದೂ ಉಂಟು. ಎಳೆತ ಜೋರಾಗಿರುವ ಭಾರದ ಬಿಡಿಭಾಗಗಳ ಕಾಲಿನಲ್ಲಿ ಬೇಗ ಬಿರುಕು ಬಿಡುತ್ತದೆ.

ಅಂಗಡಿಯವರು ರಿಪೇರಿ ಮಾಡಿದ್ದ, ವೈರ್ ಕೂಡುವ ಟರ್ಮಿನಲ್ಲಿನ ಸ್ಥಿತಿ ಬೇರೆಯೇ ಆಗಿತ್ತು. ಅಲ್ಲಿ ಸೋಲ್ಡರ್ ಬಿರಿದಿರಲಿಲ್ಲ, ಕರಗಿ ಜಾರಿತ್ತು. ಸಡಿಲಾದ ಕಾಲಿನಲ್ಲಿ ಕಿಡಿ ಹಾರಿ ಸುತ್ತಲಿನ ತಾಮ್ರ ಕಪ್ಪಾಗಿತ್ತು. ತಂತ್ರಜ್ಞರು ಬಿಸಿಗಾಳಿಯ ಸ್ಟೇಷನ್ನನ್ನು 150 ಡಿಗ್ರಿಗೆ ಇಟ್ಟು, ರಿಪೇರಿಯಾಗಿದ್ದ ಇನ್ನೊಂದು ಕಾಲಿನ ಮೇಲೆ ಗಾಳಿ ಹಿಡಿದರು. ಪಕ್ಕದ ಮೂಲ ಬೆಸುಗೆಗಳು ಅಲುಗಲಿಲ್ಲ, ಇದೊಂದು ಮಾತ್ರ ಹೊಳೆದು ನೀರಾಯಿತು. 63 ಭಾಗ ತವರ, 37 ಭಾಗ ಸೀಸದ ಸೋಲ್ಡರ್ ಕರಗುವುದು 183 ಡಿಗ್ರಿಯಲ್ಲಿ. 3 ಪ್ರತಿಶತ ಬೆಳ್ಳಿ, 0.5 ಪ್ರತಿಶತ ತಾಮ್ರ ಬೆರೆತ ಸೀಸರಹಿತ ತವರದ ಸೋಲ್ಡರ್ ಕರಗತೊಡಗುವುದು 217ರಲ್ಲಿ. 150ಕ್ಕೆ ಇವೆರಡೂ ಕರಗಲಾರವು.

ಅಂಗಡಿಯವರನ್ನು ಫೋನಿನಲ್ಲಿ ಕೇಳಿದಾಗ ವಿಷಯ ಹೊರಬಂತು. ಅಗಲವಾದ ತಾಮ್ರದ ಪಟ್ಟಿ ಶಾಖವನ್ನೆಲ್ಲ ಎಳೆದುಕೊಂಡು ಮೂಲ ಸೋಲ್ಡರ್ ಕರಗದಿದ್ದಾಗ, ಮೊಬೈಲ್ ಕೆಲಸಕ್ಕೆಂದು ಇಟ್ಟಿದ್ದ 138 ಡಿಗ್ರಿಯಲ್ಲೇ ಕರಗುವ ಸೋಲ್ಡರ್ ಪೇಸ್ಟ್ ಹಾಕಿ, ಅದರ ಮೇಲೆ ಮಾಮೂಲಿ ಸೀಸದ ಸೋಲ್ಡರ್ ವೈರ್ ಕರಗಿಸಿದ್ದರು. ಆ ಪೇಸ್ಟಿನಲ್ಲಿ ಇರುವುದು 42 ಭಾಗ ತವರ, 58 ಭಾಗ ಬಿಸ್ಮತ್ ಎಂಬ ಲೋಹ. ಅದಕ್ಕೂ ಸೀಸ ಸೇರಿಲ್ಲ, ಆದರೆ ಅದು ಪೆಡಸು. ಎಲ್ಲಕ್ಕಿಂತ ಅಪಾಯದ ಸಂಗತಿಯೆಂದರೆ, ಬಿಸ್ಮತ್ತಿಗೆ ಸೀಸ ಬೆರೆತಾಗ ಬೆಸುಗೆಯೊಳಗೆ ಸುಮಾರು 96 ಡಿಗ್ರಿಯಲ್ಲೇ ಕರಗುವ ಭಾಗ ಉಂಟಾಗಬಹುದು. ಅಂದರೆ ನೀರು ಕುದಿಯುವ ಶಾಖವೂ ಬೇಕಾಗುವುದಿಲ್ಲ. ನೆರಳಿನಲ್ಲೇ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ, ಬಿಸಿಲಿಗೆ ನಿಂತ ಪೆಟ್ಟಿಗೆಯೊಳಗೆ ಪಂಪಿನ ಪೂರ್ತಿ ಕರೆಂಟು ಹರಿಯುವ ಟರ್ಮಿನಲ್ಲಿಗೆ ಇಂಥ ಬೆಸುಗೆ ಹಾಕಬಾರದಿತ್ತು.

ಇದನ್ನು ಓದಿ ಸೀಸರಹಿತ ಸೋಲ್ಡರೇ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಸೀಸ ಮಕ್ಕಳ ಮೆದುಳಿಗೆ ಹಾನಿ ಮಾಡುವ ಲೋಹ. ಯುರೋಪಿನಲ್ಲಿ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸಾಧನಗಳಲ್ಲಿ ಅದಕ್ಕೆ 0.1 ಪ್ರತಿಶತದ ಮಿತಿ ಬಂದದ್ದು, ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳೂ ಅದೇ ಮಿತಿಯನ್ನು ತಂದದ್ದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ. ಬೋರ್ಡಿನಲ್ಲಿ ಏನಿದೆ ಎಂದು ನೋಡದೆ ಕೈಗೆ ಸಿಕ್ಕಿದ್ದನ್ನು ಬೆರೆಸುವುದು ತಪ್ಪು. ಸೀಸರಹಿತ ಬೆಸುಗೆ ಸ್ವಭಾವತಃ ಸ್ವಲ್ಪ ಮಂಕಾಗಿಯೇ ಕಾಣುತ್ತದೆ. ಆ ಮಂಕನ್ನಷ್ಟೇ ನೋಡಿ ಡ್ರೈ ಸೋಲ್ಡರ್ ಎಂದರೆ ನಂಬಬೇಡಿ, ಬಿರುಕನ್ನು ಭೂತಗನ್ನಡಿಯಲ್ಲಿ ತೋರಿಸಲು ಹೇಳಿ. ಬೋರ್ಡಿನ ಮೇಲೆ ಸೀಸರಹಿತ ಎಂಬ ಗುರುತಿದ್ದರೆ ಅದೇ ಜಾತಿಯ ಸೋಲ್ಡರ್ ಹಾಕುವರೇ, ಅಷ್ಟು ಶಾಖ ಕೊಡುವ ಐರನ್ ಅವರಲ್ಲಿದೆಯೇ ಎಂದು ಕೇಳಿ, ಹಾಕಿದ ಸೋಲ್ಡರಿನ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಪ್ಯಾನೆಲ್ಲಿನ ಸ್ವಿಚ್ ಆರಿಸಿದ ಮೇಲೂ ಒಳಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ, ಆದ್ದರಿಂದ ಪೆಟ್ಟಿಗೆಯನ್ನು ನೀವೇ ಬಿಚ್ಚಲು ಹೋಗಬೇಡಿ.

ಈಗಾಗಲೇ 138ರ ಪೇಸ್ಟ್ ಬಿದ್ದಿರುವ ಬೋರ್ಡಾದರೆ ಅದರ ಮೇಲೆ ಮತ್ತೊಂದು ಪದರ ಹಾಕಿಸಬೇಡಿ. ಹಳೆಯ ಸೋಲ್ಡರನ್ನು ಕರಗಿಸಿ ಸೋಲ್ಡರ್ ಹೀರುವ ಕೈಪಂಪಿನಿಂದ ಹೀರಿ, ಉಳಿದದ್ದನ್ನು ತಾಮ್ರದ ಜಾಳಿಗೆ ಪಟ್ಟಿಯಿಂದ ತೆಗೆದು, ಕಾಲು ಮತ್ತು ತೂತು ಎರಡನ್ನೂ ಸ್ವಚ್ಛ ಮಾಡಿಸಿದ ಮೇಲಷ್ಟೇ ಹೊಸ ಬೆಸುಗೆ ಹಾಕಿಸಿ.